ಕೊಲೆಗಾರ ಯಾರು ಅಂತ ನನಗೆ ಗೊತ್ತು, ಗೇಮ್ ಒಪ್ಪುತ್ತಿಲ್ಲ!

ಪ್ರಶ್ನೆ: ನನಗೆ 62 ವರ್ಷ. ಬ್ಯಾಂಕಿನಿಂದ ನಿವೃತ್ತಿಯಾಗಿ ಮಲ್ಲೇಶ್ವರದಲ್ಲಿ ಇದ್ದೇನೆ. ಹೈಸ್ಕೂಲಿನಿಂದಲೂ ಪತ್ತೇದಾರಿ ಕಾದಂಬರಿಗಳ ಹುಚ್ಚು. ಮೊದಲು ಲೈಬ್ರರಿಯಿಂದ ತಂದ ಕನ್ನಡದವು, ಆಮೇಲೆ ಷರ್ಲಾಕ್ ಹೋಮ್ಸ್, ಅಗಾಥಾ ಕ್ರಿಸ್ಟಿ. ಹೋದ ದೀಪಾವಳಿಗೆ ಮಗ ಲ್ಯಾಪ್‌ಟಾಪಿಗೆ ಎರಡು ಗೇಮ್ ಹಾಕಿಕೊಟ್ಟ. ಒಂದು ಹೋಮ್ಸ್‌ದು, 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್'. ಇನ್ನೊಂದು ಕ್ರಿಸ್ಟಿಯ ಪತ್ತೇದಾರ ಪೊಯ್ರೊದು, 'ದಿ ಫಸ್ಟ್ ಕೇಸಸ್'. ಹೋಮ್ಸ್ ಗೇಮಿನಲ್ಲಿ ನಾನು ಒಬ್ಬನನ್ನು ಅಪರಾಧಿ ಅಂತ ತೀರ್ಮಾನಿಸಿದೆ, ಗೇಮ್ ಚಕಾರ ಎತ್ತದೆ ಮುಂದಿನ ಕೇಸಿಗೆ ಹೋಯಿತು. ಆಮೇಲೆ ಮಗ ನೋಡಿ "ಅಮ್ಮಾ, ತಪ್ಪು ಆಳನ್ನ ಹಿಡಿದಿದ್ದೀಯ" ಅಂತ ನಕ್ಕ. ಪೊಯ್ರೊ ಗೇಮಿನಲ್ಲಿ ಪೂರ್ತಿ ಉಲ್ಟಾ. ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು, ಆದರೆ ಅದನ್ನು ಹೇಳೋಕೆ ಗೇಮ್ ಬಿಡುತ್ತಲೇ ಇಲ್ಲ. ಇಡೀ ಸಂಜೆ ಸುಮ್ನೆ ಕ್ಲಿಕ್ ಮಾಡುತ್ತಾ ಕೂರುತ್ತೇನೆ. ನನ್ನ ತಲೆ ಮಂದವಾಗುತ್ತಿದೆಯಾ? ಉತ್ತರ ನೋಡಿಕೊಂಡು ಆಡಿದರೆ ಮೋಸ ಅಲ್ವಾ? ಇದು ಮೆದುಳಿಗೆ ಒಳ್ಳೆಯದು ಅಂತ ಮಗ ಹೇಳುತ್ತಾನೆ, ಅದು ನಿಜವಾ? ಇಲ್ಲ, ಪುಸ್ತಕಕ್ಕೇ ವಾಪಸ್ ಹೋಗಲಾ?

ಉತ್ತರ: ಮೇಡಂ, ನಾನು ಡಾಕ್ಟರ್ ಅಲ್ಲ, ಬೆಂಗಳೂರಿನ ಗೇಮ್ ಸ್ಟುಡಿಯೋಗಳಲ್ಲಿ ಕತೆ ಮತ್ತು ಪಜಲ್ ಬರೆಯುವವನು. ಆದರೂ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ನಿಮ್ಮ ದೂರಿಗೂ ವಯಸ್ಸಿಗೂ ಸಂಬಂಧ ಇಲ್ಲ. ಹೊಸ ಗೇಮನ್ನು ಪರೀಕ್ಷೆ ಮಾಡಿಸೋಕೆ ನಾವು ಕಾಲೇಜು ಹುಡುಗರನ್ನು ಕರೆಸಿ ಕೂರಿಸುತ್ತೇವೆ. ಅವರೂ ಅರ್ಧ ಗಂಟೆಗೆ ಮೌಸ್ ಕೆಳಗಿಟ್ಟು "ನಂಗೆ ಗೊತ್ತು ಗುರು, ಹೇಳೋದು ಎಲ್ಲಿ?" ಅಂತಲೇ ಕೇಳುತ್ತಾರೆ. ಇನ್ನು ನಿಮ್ಮ ಎರಡು ಕಷ್ಟ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ. ಒಂದು ಗೇಮ್ ನಿಮ್ಮ ಯೋಚನೆಯನ್ನು ಬೇಕಂತಲೇ ತಿದ್ದಲಿಲ್ಲ. ಇನ್ನೊಂದು ಹೆಜ್ಜೆಹೆಜ್ಜೆಗೂ ತಿದ್ದುತ್ತಿದೆ.

ಪುಸ್ತಕದಲ್ಲಿ ಈ ತೊಂದರೆಯೇ ಇಲ್ಲ. ಅರ್ಧಕ್ಕೇ ಕೊಲೆಗಾರ ಯಾರು ಅಂತ ಹೊಳೆದರೆ ನೀವು ಮನಸ್ಸಿನಲ್ಲೇ ನಕ್ಕು ಪುಟ ತಿರುಗಿಸುತ್ತೀರಿ. ಹೊಳೆಯದಿದ್ದರೂ ತಿರುಗಿಸುತ್ತೀರಿ. ನಿಮಗೆ ಗೊತ್ತಾಯಿತೋ ಇಲ್ಲವೋ ಅನ್ನುವುದು ಪುಸ್ತಕಕ್ಕೆ ಬೇಕಿಲ್ಲ. ಗೇಮಿಗೆ ಅದು ಬೇಕೇ ಬೇಕು, ಆದರೆ ನಿಮ್ಮ ತಲೆಯೊಳಗೆ ಇಣುಕಲು ಅದಕ್ಕೆ ದಾರಿ ಇಲ್ಲ. ನೀವು ಯಾವುದನ್ನು ಒತ್ತಿದಿರಿ, ಯಾವ ವಸ್ತು ನೋಡಿದಿರಿ, ಯಾರ ಹತ್ತಿರ ಯಾವ ಮಾತು ಕೇಳಿದಿರಿ, ಅದಕ್ಕೆ ತಿಳಿಯುವುದು ಇಷ್ಟೇ. ನೀವು ಬ್ಯಾಂಕಿನಲ್ಲಿ ಇದ್ದವರು, ಇದು ಸುಲಭವಾಗಿ ಅರ್ಥವಾಗುತ್ತದೆ. ಕೌಂಟರಿಗೆ ಬಂದ ಗ್ರಾಹಕರು ಇಪ್ಪತ್ತು ವರ್ಷದ ಪರಿಚಯ ಇರಬಹುದು, ಆದರೂ ಸಹಿ ಇಲ್ಲದೆ ಚೆಕ್ ಪಾಸ್ ಮಾಡೋ ಹಾಗಿಲ್ಲ. ಗೇಮ್ ಕೇಳುತ್ತಿರುವುದು ಆ ಸಹಿಯನ್ನು.

ಒಳಗೆ ಏನು ನಡೆಯುತ್ತದೆ ಅಂತ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಜಯನಗರದ ಒಂದು ಮನೆಯಲ್ಲಿ ರಾತ್ರಿ ಕೊಲೆ ಆಗಿದೆ ಅಂದುಕೊಳ್ಳಿ. ಗೇಟಿಗೆ ಒಂದು ಚೀಟಿ ಅಂಟಿಸಿದ್ದಾರೆ, ರಾತ್ರಿ ಎಂಟರಿಂದ ಹತ್ತರವರೆಗೆ ಈ ರಸ್ತೆಯಲ್ಲಿ ಕರೆಂಟ್ ಇರುವುದಿಲ್ಲ ಅಂತ. ಒಳಗೆ ಅಳಿಯ ಹೇಳುತ್ತಾನೆ, "ಒಂಬತ್ತು ಗಂಟೆಗೆ ನಾನು ಹಾಲಿನಲ್ಲಿ ಟೀವಿ ನೋಡ್ತಿದ್ದೆ." ಬರುವಾಗಲೇ ಗೇಟಿನ ಚೀಟಿ ನೋಡಿದ ನೀವು ಕೂತಲ್ಲೇ "ಸುಳ್ಳ!" ಅಂತೀರಿ. ಸರಿಯಾಗೇ ಇದೆ. ಆದರೆ ಬರೆದವರು ಆ ದೃಶ್ಯಕ್ಕೆ ಒಂದು ಷರತ್ತು ಹಾಕಿರುತ್ತಾರೆ. ಅಡುಗೆಮನೆಯಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡಿದೆ, ಅದನ್ನು ಆಟಗಾರರು ಒತ್ತಿ ನೋಡಿದ ಮೇಲೆ ಮಾತ್ರ "ಕರೆಂಟ್ ಇತ್ತಾ?" ಅನ್ನುವ ಪ್ರಶ್ನೆ ತೆರೆದುಕೊಳ್ಳಬೇಕು. ಇದನ್ನು ನಾವು ಫ್ಲ್ಯಾಗ್ ಅನ್ನುತ್ತೇವೆ. ನೋಡಿದ್ದರೆ ಒಂದು, ನೋಡಿಲ್ಲದಿದ್ದರೆ ಸೊನ್ನೆ, ಮಧ್ಯದಲ್ಲಿ ಏನೂ ಇಲ್ಲ. ನೀವು ಅಡುಗೆಮನೆಗೆ ಹೋಗೇ ಇಲ್ಲ, ಹೋಗುವ ಅಗತ್ಯವೂ ನಿಮಗಿರಲಿಲ್ಲ. ಹಾಗಾಗಿ ಫ್ಲ್ಯಾಗ್ ಸೊನ್ನೆಯಲ್ಲೇ ಇದೆ, ಪ್ರಶ್ನೆ ಬರುತ್ತಿಲ್ಲ. ಅಳಿಯ ಅದೇ ಟೀವಿ ಕತೆಯನ್ನು ಮತ್ತೆ ಮತ್ತೆ ಹೇಳುತ್ತಾ ನಿಂತಿದ್ದಾನೆ.

ಒಳ್ಳೆಯ ತಂಡ ಇದ್ದರೆ ಚೀಟಿ ನೋಡಿದ್ದರೂ ಸರಿ, ಬತ್ತಿ ನೋಡಿದ್ದರೂ ಸರಿ, ಎರಡರಲ್ಲಿ ಯಾವುದಾದರೂ ಪ್ರಶ್ನೆ ತೆರೆಯಲಿ ಅಂತ ಬರೆಯುತ್ತದೆ. ಎಲ್ಲ ಕಡೆ ಹಾಗೆ ಯಾಕೆ ಮಾಡುವುದಿಲ್ಲ ಅಂದರೆ ಖರ್ಚು. ಐದು ಜನ ಅನುಮಾನಿತರು, ನಾಲ್ಕು ಉದ್ದೇಶ, ಕೊಲೆ ಆಗಿರಬಹುದಾದ ಆರು ರೀತಿ ಅಂದರೆ 120 ಬಗೆಯ ಆರೋಪ. ಒಂದೊಂದಕ್ಕೂ ಎರಡು ನಿಮಿಷದ ದೃಶ್ಯ ಬರೆದು, ನಟರಿಂದ ಮಾತಾಡಿಸಿ, ಅನಿಮೇಷನ್ ಮಾಡಿದರೆ ನಾಲ್ಕು ಗಂಟೆಯ ಸಿನಿಮಾ ಆಯಿತು. ಅದರಲ್ಲಿ ಒಬ್ಬ ಆಟಗಾರ ನೋಡುವುದು ಒಂದೋ ಎರಡೋ ದೃಶ್ಯ. ಯಾವ ಪ್ರೊಡ್ಯೂಸರ್ ಒಪ್ಪುತ್ತಾರೆ ಹೇಳಿ? ಅದಕ್ಕೇ ದಾರಿ ಕಿರಿದು ಮಾಡುತ್ತಾರೆ, ಎಲ್ಲರೂ ಅದೇ ಬಾಗಿಲಿನಿಂದ ಅದೇ ಕ್ರಮದಲ್ಲಿ ಬರಲಿ ಅಂತ.

ನಿಮ್ಮ ಪೊಯ್ರೊ ಗೇಮಿನಲ್ಲಿ ಆಗುತ್ತಿರುವುದೂ ಇದೇ. ಅಲ್ಲಿ ಮೈಂಡ್ ಮ್ಯಾಪ್ ಅಂತ ಒಂದು ಹಲಗೆ ಇದೆ, ಸಿಕ್ಕಿದ ವಿಷಯಗಳೆಲ್ಲ ಅದರ ಮೇಲೆ ಬಿಂದುಗಳಾಗಿ ಕೂರುತ್ತವೆ, ಒಂದಕ್ಕೊಂದು ಹೊಂದುವ ಎರಡು ಬಿಂದು ಹುಡುಕಿ ಸೇರಿಸಬೇಕು. ನಿಮಗೆ ಇಡೀ ಕತೆಯೇ ಗೊತ್ತು, ಆದರೆ ಗೇಮಿಗೆ ಬೇಕಿರುವುದು ಆ ಕತೆಯ ಒಂದು ಚಿಕ್ಕ ಹೆಜ್ಜೆ, ಅದೂ ಅದರದ್ದೇ ಮಾತಿನಲ್ಲಿ. ಮುಂದಿನ ಸಲ ಸಿಕ್ಕಿಹಾಕಿಕೊಂಡಾಗ "ಕೊಲೆಗಾರ ಯಾರು?" ಅಂತ ಯೋಚಿಸಬೇಡಿ. "ಪೊಯ್ರೊಗೆ ಈಗ ಗೊತ್ತಿರುವುದರಲ್ಲಿ ಅತಿ ಸಣ್ಣ ಮುಂದಿನ ಮಾತು ಯಾವುದು?" ಅಂತ ಕೇಳಿಕೊಳ್ಳಿ. ಇಂಥ ಸಮಯ ಇಬ್ಬರು ಒಂದೇ ಕೋಣೆಯಲ್ಲಿದ್ದರು, ಇವರಿಗೆ ಅವರ ಕಂಡರೆ ಆಗಲ್ಲ, ಅಷ್ಟು ಸಣ್ಣದು. ಹತ್ತು ನಿಮಿಷ ಹಾಗೆ ನೋಡಿಯೂ ದಾರಿ ಕಾಣದಿದ್ದರೆ ಹಲಗೆ ಬಿಟ್ಟು ಮನೆಯೆಲ್ಲ ಇನ್ನೊಂದು ಸುತ್ತು ಹಾಕಿ, ಮಾತಾಡಿಸಿದವರನ್ನೇ ಮತ್ತೆ ಮಾತಾಡಿಸಿ. ನೀವು ಸಿಕ್ಕಿಹಾಕಿಕೊಂಡಿರುವುದು ಬಹಳ ಸಲ ಯೋಚನೆಯಲ್ಲಿ ಅಲ್ಲ, ಒತ್ತದೇ ಬಿಟ್ಟ ಯಾವುದೋ ವಸ್ತುವಿನಲ್ಲಿ. ಈ ಹಲಗೆಯ ಆಟ ನನಗೂ ಅಷ್ಟಾಗಿ ಹಿಡಿಸುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಯೋಚಿಸಿ ಸೇರಿಸಿದವರಿಗೂ ಕಣ್ಣುಮುಚ್ಚಿ ಎಲ್ಲ ಜೋಡಿ ಒತ್ತಿ ನೋಡಿದವರಿಗೂ ಅಲ್ಲಿ ಒಂದೇ ಫಲ.

ಈ ಜಗಳ ಹೊಸದೇನೂ ಅಲ್ಲ. 1980ರ 'ಮಿಸ್ಟರಿ ಹೌಸ್' ಗೇಮ್ ಕ್ರಿಸ್ಟಿಯ ಕಾದಂಬರಿಯೊಂದರ ಪ್ರೇರಣೆಯಿಂದ ಹುಟ್ಟಿದ್ದು. 1982ರ 'ಡೆಡ್‌ಲೈನ್'ನಲ್ಲಿ ಚಿತ್ರವೇ ಇಲ್ಲ, ಬರೀ ಟೈಪ್ ಮಾಡಿ ಆಡಬೇಕು, ಪತ್ತೆ ಮಾಡೋಕೆ ಗೇಮಿನೊಳಗಿನ ಗಡಿಯಾರದಲ್ಲಿ 12 ಗಂಟೆ ಸಮಯ. ಪೊಲೀಸ್ ವಿಚಾರಣೆಯ ಕಾಗದ, ಲ್ಯಾಬ್ ವರದಿ, ಮಾತ್ರೆ ಎಲ್ಲ ಡಬ್ಬಿಯಲ್ಲೇ ಹಾಕಿ ಕೊಡುತ್ತಿದ್ದರು. ಯಾಕೆಂದರೆ ಅಷ್ಟೆಲ್ಲ ಬರಹ ಆಗಿನ ಡಿಸ್ಕಿನಲ್ಲಿ ಹಿಡಿಸುತ್ತಿರಲಿಲ್ಲ. ಯಾರನ್ನು ಬೇಕಾದರೂ ಬಂಧಿಸಬಹುದು, ಸಾಕ್ಷಿ ಸಾಲದಿದ್ದರೆ ಕೇಸ್ ನಿಲ್ಲುವುದಿಲ್ಲ. ನಲವತ್ತು ವರ್ಷದ ಹಿಂದೆಯೇ ಅಷ್ಟು ಸ್ವಾತಂತ್ರ್ಯ ಕೊಟ್ಟಿದ್ದರು ನೋಡಿ. ಚಿತ್ರ, ಧ್ವನಿ ಬಂದು ಖರ್ಚು ಏರಿದ ಮೇಲೆ ಅದು ಕಮ್ಮಿ ಆಯಿತು.

ಇನ್ನೊಂದು ಸಂಗತಿ ಇದೆ, ನಿಮ್ಮಂಥ ಓದುಗರು ಇದನ್ನು ಬೇಗ ಹಿಡಿಯುತ್ತೀರಿ. ಹೋಮ್ಸ್ ಕತೆಗೂ ಪೊಯ್ರೊ ಕತೆಗೂ ಇರುವ ವ್ಯತ್ಯಾಸ ಗೇಮಿಗೂ ಇಳಿದಿದೆ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕತೆಗೆ ಹತ್ತು ನಿಯಮ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಲೇಬೇಕು ಅನ್ನುವುದು ಅದರಲ್ಲಿ ಒಂದು. ಹೋಮ್ಸ್ ಹುಟ್ಟಿದ್ದು 1887ರಲ್ಲಿ, ಈ ನಿಯಮಕ್ಕೆ ಎಷ್ಟೋ ಮೊದಲು. ಅಲ್ಲಿ ಹೋಮ್ಸ್ ನೆಲದ ಮೇಲೆ ಏನೋ ನೋಡುತ್ತಾನೆ, ಏನೋ ಹೆಕ್ಕಿ ಲಕೋಟೆಗೆ ಹಾಕಿಕೊಳ್ಳುತ್ತಾನೆ, ಏನು ಅಂತ ಜೊತೆಗಿರುವ ಗೆಳೆಯ ವಾಟ್ಸನ್‌ಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಂಥ ಕತೆಯನ್ನು ಗೇಮ್ ಮಾಡುವಾಗ ಆ 'ಏನೋ' ಏನು ಅಂತ ತೋರಿಸಲೇಬೇಕು. ಹಾಗಾಗಿ 'ಕ್ರೈಮ್ಸ್ ಅಂಡ್ ಪನಿಶ್‌ಮೆಂಟ್ಸ್'ನಲ್ಲಿ ಒಬ್ಬರು ಎದುರು ಬಂದ ಕೂಡಲೇ ಕಾಲ ನಿಂತ ಹಾಗಾಗಿ ಅವರ ತೋಳು, ಬೆರಳು, ಕಾಲರ್ ಎಲ್ಲ ದೊಡ್ಡದಾಗಿ ಕಾಣುತ್ತವೆ, ನೀವೇ ಹುಡುಕಿ ಗುರುತು ಮಾಡಬೇಕು. ಅದು ಕಣ್ಣಿನ ಆಟ. ಕ್ರಿಸ್ಟಿಯದು ಕಿವಿಯ ಆಟ, ಸುಳಿವೆಲ್ಲ ಮಾತಿನಲ್ಲೇ ಇರುತ್ತದೆ. ಯಾರೋ ಬೇಡದ ಕಡೆ ಒಂದು ಪದ ಜಾಸ್ತಿ ಹೇಳಿರುತ್ತಾರೆ. ಕೇಳಿಸಿಕೊಂಡವರಿಗೆ ಹೊಳೆದುಬಿಡುತ್ತದೆ, ಆದರೆ ಹೊಳೆದದ್ದನ್ನು ಒತ್ತಿ ತೋರಿಸೋಕೆ ಅಲ್ಲಿ ವಸ್ತುವೇ ಇಲ್ಲ. ಪೊಯ್ರೊ ಗೇಮ್ ನಿಮಗೆ ಜಾಸ್ತಿ ತೊಂದರೆ ಕೊಡುತ್ತಿರುವುದಕ್ಕೆ ಇದೂ ಒಂದು ಕಾರಣ.

ಈಗ ತಪ್ಪು ಆಳನ್ನು ಹಿಡಿದ ವಿಷಯ. ಅದು ಆ ಗೇಮಿನ ದೋಷ ಅಲ್ಲ, ನಿಮ್ಮದೂ ಅಲ್ಲ. ಉಕ್ರೇನಿನ ಫ್ರಾಗ್‌ವೇರ್ಸ್ ಕಂಪನಿ 2014ರಲ್ಲಿ ಅದನ್ನು ಹಾಗೇ ಕಟ್ಟಿತು. ಆರು ಕೇಸ್, ಪ್ರತಿಯೊಂದಕ್ಕೂ ಹಲವು ತೀರ್ಮಾನ, ಅದರಲ್ಲಿ ಒಂದೇ ಸರಿ. ಒಂದೇ ಸುಳಿವನ್ನು ಎರಡು ರೀತಿ ಅರ್ಥ ಮಾಡಿಕೊಳ್ಳಲು ಬಿಡುತ್ತದೆ, ನೀವು ಆರಿಸಿಕೊಂಡ ಅರ್ಥಗಳನ್ನೇ ಜೋಡಿಸಿ ಒಂದು ತೀರ್ಮಾನಕ್ಕೆ ಕರೆದುಕೊಂಡು ಹೋಗುತ್ತದೆ. ಆ ತೀರ್ಮಾನ ಕೇಳೋಕೆ ಪೂರ್ತಿ ಸರಿ ಅನ್ನಿಸುತ್ತದೆ, ಅದೇ ಅದರ ತಮಾಷೆ. ಮೇಲಿಂದ, ಸಿಕ್ಕವರನ್ನು ಕಾನೂನಿಗೆ ಒಪ್ಪಿಸಬೇಕಾ, ಕ್ಷಮಿಸಿ ಬಿಡಬೇಕಾ ಅನ್ನುವುದೂ ನಿಮ್ಮದೇ ಕೆಲಸ. ನನ್ನ ಪ್ರಕಾರ ಹೋಮ್ಸ್ ಗೇಮುಗಳಲ್ಲಿ ಇದು ಬಂದ ಮೇಲೆಯೇ ಪತ್ತೇದಾರಿಕೆಗೆ ತೂಕ ಬಂದದ್ದು. ತಪ್ಪು ಮಾಡಲು ಬಿಡದ ಗೇಮಿನಲ್ಲಿ ಸರಿ ಮಾಡಿದ್ದಕ್ಕೆ ಏನು ಬೆಲೆ? ಕೇಸ್ ಮುಗಿದ ಮೇಲೆ ನಿಮ್ಮ ತೀರ್ಮಾನ ಸರಿಯಾ ಅಂತ ನೋಡುವ ಅವಕಾಶ ಅದರಲ್ಲೇ ಇದೆ, ಬೇಕಿದ್ದರೆ ಹಿಂದೆ ಹೋಗಿ ತೀರ್ಮಾನ ಬದಲಾಯಿಸಬಹುದು. ನೋಡದೇ ಮುಂದೆ ಹೋಗುವವರಿಗೆ ಅದು ತಾನಾಗಿ ಹೇಳುವುದಿಲ್ಲ, ಅಷ್ಟೇ. ಬೆರಳಿನ ಚುರುಕು ಬೇಡುವ ಸಣ್ಣ ಆಟಗಳು, ಬೀಗದ ಪಜಲ್‌ಗಳು ಬೇಡ ಅನ್ನಿಸಿದರೆ ಅವನ್ನು ದಾಟಿಬಿಡಬಹುದು, ಕತೆಗೆ ಏನೂ ಆಗುವುದಿಲ್ಲ.

ಉತ್ತರ ನೋಡುವುದು ಮೋಸವಾ ಅಂದಿರಿ. ಎದುರಿಗೆ ಯಾರೂ ಸ್ಪರ್ಧಿ ಇಲ್ಲ, ಯಾರಿಗೆ ಮೋಸ? ಆದರೆ ಎಲ್ಲಿ ನೋಡುತ್ತೀರಿ ಅನ್ನುವುದು ಮುಖ್ಯ. ಯೂಟ್ಯೂಬಿನಲ್ಲಂತೂ ಹುಡುಕಲೇಬೇಡಿ, ಅಲ್ಲಿ ವಿಡಿಯೋ ತೆರೆಯುವ ಮೊದಲೇ ಹೊರಗಿನ ಚಿತ್ರದಲ್ಲಿ ಕೊಲೆಗಾರನ ಮುಖ ಕಾಣುವ ಅಪಾಯ ಇದೆ. ಬರಹದ ಗೈಡ್ ಕೂಡ ಕೆಟ್ಟದ್ದೇ, ಒಂದು ಸಾಲು ಬೇಕು ಅಂತ ಹೋದರೆ ಕಣ್ಣು ಕೆಳಗಿನ ಹತ್ತು ಸಾಲಿಗೆ ಜಾರುತ್ತದೆ. 'ಯೂನಿವರ್ಸಲ್ ಹಿಂಟ್ ಸಿಸ್ಟಮ್' ಅಂತ ಹಳೆಯ ತಾಣ ಒಂದಿದೆ, ಅಲ್ಲಿ ಸುಳಿವನ್ನು ಒಂದೊಂದೇ ಮೆಟ್ಟಿಲಾಗಿ ಕೊಡುತ್ತಾರೆ, ಸಾಕು ಅನ್ನಿಸಿದಲ್ಲಿ ನಿಲ್ಲಿಸಬಹುದು. ಎಲ್ಲ ಗೇಮ್ ಅದರಲ್ಲಿ ಸಿಗುವುದಿಲ್ಲ. ಮಗ ಆ ಗೇಮ್ ಮುಗಿಸಿದ್ದರೆ ಅವನೇ ಅದಕ್ಕಿಂತ ಒಳ್ಳೆಯ ದಾರಿ, "ನಾನು ಯಾವುದಾದರೂ ಕೋಣೆ ಬಿಟ್ಟಿದ್ದೀನಾ, ಹೌದು ಇಲ್ಲ ಅಷ್ಟೇ ಹೇಳು" ಅಂತ ಕೇಳಿ. ನಗಬೇಡ ಅಂತಲೂ ಹೇಳಿ.

ಮೆದುಳಿಗೆ ಒಳ್ಳೆಯದು ಅನ್ನುವ ಮಾತಿನ ಬಗ್ಗೆ ಹುಷಾರಾಗಿರಿ. ಮೆದುಳಿನ ವ್ಯಾಯಾಮ ಅಂತ ಆಟ ಮಾರುತ್ತಿದ್ದ ಲುಮಾಸಿಟಿ ಕಂಪನಿ, ವಯಸ್ಸಿನ ಮರೆವು ತಡೆಯುತ್ತೇವೆ ಅನ್ನುವಂಥ ಜಾಹೀರಾತಿಗೆ ತಕ್ಕ ಆಧಾರ ಇರಲಿಲ್ಲ ಅನ್ನುವ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗೆ 20 ಲಕ್ಷ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಂಡಿತು. ಪತ್ತೇದಾರಿ ಗೇಮ್ ಆಡುತ್ತಾ ಹೋದರೆ ಪತ್ತೇದಾರಿ ಗೇಮ್ ಆಡೋಕೆ ಚೆನ್ನಾಗಿ ಬರುತ್ತದೆ, ಅದಕ್ಕಿಂತ ಜಾಸ್ತಿ ನಾನು ಹೇಳಲಾರೆ. ಮಜಾ ಬರುತ್ತದೆ ಅಂತ ಆಡಿ, ಸಾಕು. ದಿನದ ಕೆಲಸದಲ್ಲೂ ಮರೆವು ಕಾಡುತ್ತಿದ್ದರೆ ಅದು ಬೇರೆ ವಿಷಯ, ಅದನ್ನು ಡಾಕ್ಟರ್ ಹತ್ತಿರ ಕೇಳಿ, ಗೇಮಿನ ಸೋಲು ಗೆಲುವಿನಿಂದ ಅಳೆಯಬೇಡಿ.

ಪುಸ್ತಕ ಓದಿದ್ದೇನೆ, ಗೇಮಿನಲ್ಲಿ ಇನ್ನೇನಿದೆ ಅಂತ ಅನುಮಾನ ಇದ್ದರೆ ಎರಡು ಹೆಸರು ಹೇಳುತ್ತೇನೆ. 1936ರ ಕಾದಂಬರಿ ಆಧರಿಸಿದ 'ದಿ ಎಬಿಸಿ ಮರ್ಡರ್ಸ್' 2016ರಲ್ಲಿ ಗೇಮ್ ಆಗಿ ಬಂತು. ಅದರಲ್ಲಿ ಪೊಯ್ರೊನ ಸ್ವಭಾವಕ್ಕೆ ತಕ್ಕ ಹಾಗೆ ನಡೆದುಕೊಂಡರೆ, ಹೋಗುತ್ತಾ ಬರುತ್ತಾ ಕನ್ನಡಿಯಲ್ಲಿ ಮೀಸೆ ನೋಡಿಕೊಂಡರೆ ಕೂಡ, ಅಂಕ ಸಿಗುತ್ತದೆ. ಕೊಲೆಗಾರ ಗೊತ್ತಿದ್ದವರಿಗೂ ಅದು ಆಡಿಸಿಕೊಂಡು ಹೋಗುತ್ತದೆ. 2023ರ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಇನ್ನೂ ಮುಂದೆ ಹೋಗಿ ಕತೆಯನ್ನು ಈ ಕಾಲಕ್ಕೇ ತಂದಿದೆ, ಕಾದಂಬರಿಯಲ್ಲಿ ಇಲ್ಲದ ಮಹಿಳಾ ಪತ್ತೇದಾರಳೊಬ್ಬಳನ್ನು ಸೇರಿಸಿದೆ. ಮೊಬೈಲ್ ಹಿಡಿದ ಪೊಯ್ರೊನನ್ನು ನೋಡಿ ನಿಮಗೆ ರೇಗುವ ಸಾಧ್ಯತೆ ಇದೆ, ಈಗಲೇ ಹೇಳಿದ್ದೇನೆ.

ಆದರೆ ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಇವು ಯಾವುವೂ ಅಲ್ಲ, 2018ರ 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಯಾವ ಕಾದಂಬರಿಯನ್ನೂ ಆಧರಿಸಿದ್ದಲ್ಲ, ಆದರೆ ನೀವು ಕೇಳುತ್ತಿರುವ ನ್ಯಾಯ ಅಲ್ಲಿ ಸಿಗುತ್ತದೆ. ಕಾಲ 1807, ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ಅಧಿಕಾರಿ, ಹೆಂಗಸೂ ಆಗಿರಬಹುದು. ಕಾಣೆಯಾಗಿದ್ದ ಹಡಗು ವಾಪಸ್ ಬಂದಿದೆ, ಒಳಗಿದ್ದ 60 ಜನರಿಗೆ ಏನಾಯಿತು, ಯಾರು ಯಾರು ಅಂತ ಒಂದು ರಿಜಿಸ್ಟರಿನಲ್ಲಿ ತುಂಬಬೇಕು. ಹೆಸರಿನ ಪಟ್ಟಿ ಇದೆ, ಮುಖಗಳ ಚಿತ್ರ ಇದೆ, ಯಾವ ಮುಖಕ್ಕೆ ಯಾವ ಹೆಸರು ಅಂತ ಯಾರೂ ಹೇಳುವುದಿಲ್ಲ. ಮಾತಿನ ಧಾಟಿ, ಬಟ್ಟೆ, ಯಾರು ಯಾರ ಪಕ್ಕ ನಿಂತಿದ್ದರು, ಇಂಥದ್ದರಿಂದಲೇ ಹೊಂದಿಸಬೇಕು. ಆ ಸಿಬ್ಬಂದಿಯಲ್ಲಿ ನಮ್ಮ ಇಂಡಿಯಾದ ನಾವಿಕರೂ ಇದ್ದಾರೆ. ಮೂರು ಜನರ ವಿವರ ಪೂರ್ತಿ ಸರಿಯಾದಾಗ ಮಾತ್ರ ಗೇಮ್ "ಸರಿ" ಅಂತ ಆ ಮೂರನ್ನು ಅಚ್ಚು ಹಾಕುತ್ತದೆ, ಒಂದೊಂದಕ್ಕೆ ಹೇಳುವುದಿಲ್ಲ. ಹಾಗಾಗಿ ಊಹೆ ಮಾಡಿ ಗೆಲ್ಲುವುದು ಕಷ್ಟ, ಯೋಚಿಸಿದವರಿಗೆ ತಡೆಯೂ ಇಲ್ಲ, ಯಾವ ಕ್ರಮದಲ್ಲಾದರೂ ಬರೆಯಿರಿ. ಗೇಮ್ ಬರೆಯುವ ನಾವೆಲ್ಲ ಇದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇವೆ. ತೊಂದರೆ ಎರಡು. ಸಾವಿನ ದೃಶ್ಯಗಳು ಕ್ರೂರವಾಗಿವೆ. ಚಿತ್ರವೆಲ್ಲ ಚುಕ್ಕಿಗಳ ಎರಡೇ ಬಣ್ಣದಲ್ಲಿದ್ದು ಕ್ಯಾಮೆರಾ ನಿಮ್ಮ ಕಣ್ಣಿನ ಜಾಗದಲ್ಲೇ ಓಡಾಡುತ್ತದೆ, ಕೆಲವರಿಗೆ ತಲೆ ಸುತ್ತುತ್ತದೆ.

ತಲೆ ಸುತ್ತುವುದಾದರೆ 2022ರ 'ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್' ನೋಡಿ. ಅಲ್ಲಿ ದೃಶ್ಯ ನಿಂತಲ್ಲೇ ಇರುತ್ತದೆ. ಜೇಬು, ಕಾಗದ ಎಲ್ಲ ಹುಡುಕಿ ಪದಗಳನ್ನು ಕಲೆಹಾಕಿ, ಏನು ನಡೆಯಿತು ಅಂತ ಬಿಟ್ಟ ಸ್ಥಳ ತುಂಬಬೇಕು, ಎರಡೋ ಅದಕ್ಕಿಂತ ಕಮ್ಮಿಯೋ ತಪ್ಪಿದ್ದರೆ ಅಷ್ಟು ಮಾತ್ರ ಹೇಳುತ್ತದೆ. ಇಂಗ್ಲಿಷ್ ಓದಿ ಅಭ್ಯಾಸ ಇರುವ ನಿಮಗೆ ಕಷ್ಟ ಆಗದು. ಫೋನಿನಲ್ಲಿ ಆಡೋಣ ಅಂದರೆ ಜಪಾನಿನ 'ಏಸ್ ಅಟಾರ್ನಿ' ಇದೆ, ಕೋರ್ಟಿನಲ್ಲಿ ಸಾಕ್ಷಿಯ ಸುಳ್ಳಿಗೆ ಸರಿಯಾದ ವಸ್ತು ಎತ್ತಿ ತೋರಿಸಿ ಬಾಯಿ ಮುಚ್ಚಿಸುವ ಆಟ. ಓದು ಸಿಕ್ಕಾಪಟ್ಟೆ, ತಮಾಷೆಯೂ ಸಿಕ್ಕಾಪಟ್ಟೆ. ಆದರೆ ನಿಮ್ಮ ಹಳೇ ದೂರು ಇಲ್ಲಿ ಮತ್ತೆ ಬರುತ್ತದೆ. ನಿಮಗೆ ಮೊದಲೇ ಹೊಳೆದರೂ ಗೇಮ್ ಕೇಳುವ ಕ್ಷಣದವರೆಗೆ ಕಾಯಬೇಕು, ಬೇಗ ತೋರಿಸಿದರೆ ದಂಡ.

ಪುಸ್ತಕಕ್ಕೆ ವಾಪಸ್ ಹೋಗಲಾ ಅಂದಿರಲ್ಲ, ಮಧ್ಯದ ದಾರಿ ಒಂದಿದೆ. 'ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್' ಅಂತ 1981ರ ಬೋರ್ಡ್ ಗೇಮ್. ಲಂಡನ್ನಿನ ನಕ್ಷೆ, ವಿಳಾಸದ ಪುಸ್ತಕ, ಆ ದಿನದ ಪೇಪರ್ ಎಲ್ಲ ಕೈಗೆ ಕೊಡುತ್ತಾರೆ. ಎಲ್ಲಿ ಬೇಕಾದರೂ ಹೋಗಿ, ಕೇಸಿನ ಪುಸ್ತಕದಲ್ಲಿ ಆ ಜಾಗದ ಪ್ಯಾರಾ ಓದಿ, ಸಾಕು ಅನ್ನಿಸಿದಾಗ ಉತ್ತರ ಬರೆದು ಹೋಮ್ಸ್ ಎಷ್ಟು ಸುಳಿವಿನಲ್ಲಿ ಬಿಡಿಸಿದ ಅಂತ ಹೋಲಿಸಿ. ಫ್ಲ್ಯಾಗ್ ಗಿಗ್ ಏನೂ ಇಲ್ಲ. ಹೋಮ್ಸ್ ಕಮ್ಮಿ ಸುಳಿವಿನಲ್ಲೇ ಬಿಡಿಸಿ ಹೊಟ್ಟೆ ಉರಿಸುತ್ತಾನೆ, ಅದಕ್ಕೆ ಸಿದ್ಧರಿರಿ. ಕೊಳ್ಳುವ ಮೊದಲು ಊರಿನ ಯಾವುದಾದರೂ ಬೋರ್ಡ್ ಗೇಮ್ ಕೆಫೆಗೆ ಫೋನ್ ಮಾಡಿ ಇದೆಯಾ ಅಂತ ಕೇಳಿ. ಗೆಳತಿಯರ ಜೊತೆ ಹೋದರೆ ಇನ್ನೂ ಮಜಾ.

ಕೊನೆಗೆ ದುಡ್ಡಿನ ಮಾತು. ಲ್ಯಾಪ್‌ಟಾಪಿಗೆ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಿಂದ ಕೊಳ್ಳುವುದಾದರೆ, ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಮ್ಮಿ ಇದ್ದರೆ ಹಣ ವಾಪಸ್ ಕೇಳಬಹುದು. 'ಓಬ್ರಾ ಡಿನ್' ಕೊಂಡ ದಿನವೇ ಅರ್ಧ ಗಂಟೆ ಆಡಿ ನೋಡಿ. ತಲೆ ಸುತ್ತಿದರೆ ಅವತ್ತೇ ವಾಪಸ್ ಹಾಕಿ 'ಗೋಲ್ಡನ್ ಐಡಲ್' ತಗೊಳ್ಳಿ. ಪೊಯ್ರೊ ಗೇಮನ್ನು ಮಾತ್ರ ಈಗಲೇ ಅಳಿಸಬೇಡಿ, ಮನೆಯೆಲ್ಲ ಒಂದು ಸುತ್ತು ಹಾಕಿ ಬನ್ನಿ, ಮಾತಾಡಿಸದೇ ಬಿಟ್ಟ ಯಾರಾದರೂ ಸಿಕ್ಕೇ ಸಿಗುತ್ತಾರೆ.